ತೊಟ್ಟಿಲು ಮಾರ್ಕಾ ಡಬ್ಬಿಯ ವರ್ಷ

ಹೋದ ತಿಂಗಳು ಮೊಮ್ಮಗಳ ಜೊತೆ ಕಲಬುರ್ಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿದ್ದೆ. ಬಟ್ಟೆ ಖರೀದಿ ಮುಗಿಸಿ ಕಿರಾಣಿ ಅಂಗಡಿಗೆ ಬಂದಾಗ ಅವಳು ತನ್ನ ಮಗನಿಗೆಂದು ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯೊಂದನ್ನು ಆರಿಸಿದಳು. ಅಂಗಡಿಯವನು "ಹೊಸಾದು ಬಂದದರೀ ಅಜ್ಜಿ, ವಾಸನಿ ನೋಡ್ರಿ" ಎಂದು ತೆರೆದಿಟ್ಟ ಡಬ್ಬಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ. ಹುರಿದ ಹಿಟ್ಟು, ಸಕ್ಕರೆ, ಅದರ ಹಿಂದೆ ಎಲ್ಲೋ ಸ್ವಲ್ಪ ಹಾಲು. ನಾನು ಚಷ್ಮಾ ಹಾಕಿಕೊಂಡು ಡಬ್ಬಿ ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಲು ನಿಂತೆ. "ಅಜ್ಜಿ, ಆಟೋದವ ಒದರಾಕತ್ತಾನ" ಎಂದು ಮೊಮ್ಮಗಳು ಅವಸರ ಮಾಡಿದಳು. ಒದರಲಿ ಎಂದೆ. ಪೂರ್ತಿ ಓದಿಯೇ ಡಬ್ಬಿ ಕೆಳಗಿಟ್ಟೆ.

ಈ ಚಟ ನನಗೆ ಎಂಬತ್ತು ದಾಟಿದ ಮೇಲೆ ಬಂದದ್ದಲ್ಲ. ನನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕಮಲಾಪುರದಲ್ಲಿ, ಒಂದೇ ಮಳೆಗಾಲದಲ್ಲಿ ಬಂದದ್ದು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ನನ್ನನ್ನು ಕಮಲಾಪುರದ ದವಾಖಾನೆಗೆ ನರ್ಸ್ ಎಂದು ಹಾಕಿದರು. ನಮ್ಮಪ್ಪ ಕಲಬುರ್ಗಿಯಲ್ಲಿ ಉರ್ದು ಶಾಲೆಯ ಮಾಸ್ತರರು. ಹೆಣ್ಣುಮಗಳನ್ನು ಹೈದರಾಬಾದಿಗೆ ಕಳಿಸಿ ಹೆರಿಗೆ ಕೆಲಸ ಕಲಿಸಿದ್ದಕ್ಕೆ ಬಂಧುಗಳೆಲ್ಲ ಅವರ ಮನೆಗೆ ಬರುವುದನ್ನು ಬಿಟ್ಟಿದ್ದರು. ಅಪ್ಪನಿಗೆ ಅದರಿಂದ ಓದಲು ಸಮಯ ಸಿಕ್ಕಿತು, ಅಷ್ಟೆ. ನಾನು ಬಿಳಿ ಸೀರೆ, ಒಂದು ಟ್ರಂಕು, ಒಂದು ಸರ್ಟಿಫಿಕೇಟು ಹಿಡಿದು ಬಸ್ಸಿನಿಂದ ಇಳಿದಾಗ ದವಾಖಾನೆಯ ಬೋರ್ಡಿನಲ್ಲಿ ಉರ್ದು ಹಳೆಯದಾಗಿತ್ತು, ಅದರ ಕೆಳಗೆ ಕನ್ನಡದ ಬಣ್ಣ ಇನ್ನೂ ಹಸಿಯಾಗಿತ್ತು.

ಡಾಕ್ಟರ್ ಸಾಹೇಬರು ನಿಜಾಮರ ಕಾಲದ ನೌಕರಿಯವರು. ಒಳ್ಳೆಯ ವೈದ್ಯರು. ಆದರೆ ಹೊಸ ಸರ್ಕಾರ ತಮ್ಮನ್ನು ಇಟ್ಟುಕೊಳ್ಳುತ್ತದೋ ಮನೆಗೆ ಕಳಿಸುತ್ತದೋ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು. ಯಾರೊಡನೆಯೂ ಜೋರಾಗಿ ಮಾತಾಡುತ್ತಿರಲಿಲ್ಲ. ಊರಿನ ಹಳೆಯ ಸೂಲಗಿತ್ತಿ ಹುಸೇನಬಿ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳ ಒಬ್ಬನೇ ಮಗ ಆ ಗಲಾಟೆಯ ದಿನಗಳಲ್ಲಿ ಮನೆಯಿಂದ ಹೋದವನು ತಿರುಗಿ ಬಂದಿರಲಿಲ್ಲ. ಅದಾದ ಮೇಲೆ ಕೆಲವು ಮನೆಗಳವರು ಅವಳನ್ನು ಕರೆಯುವುದನ್ನೂ ನಿಲ್ಲಿಸಿದ್ದರು. ಅವಳು ಯಾರನ್ನೂ ಬೈಯಲಿಲ್ಲ. ಬೆಳಿಗ್ಗೆ ಎದ್ದು ನೇರ ದವಾಖಾನೆಗೆ ಬಂದು ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು.

"ಬೇಟಿ, ನಿಂದು ಕಾಗದದ ಇಲ್ಮು, ನಂದು ಕೈಯಿನ ಇಲ್ಮು. ಎರಡೂ ಕೂಡ್ಸಿದ್ರ ಒಂದು ಪೂರಾ ದಾಯಿ ಆಗ್ತದ" ಎಂದು ಮೊದಲ ದಿನವೇ ಹೇಳಿದಳು.

ನಾನು ನಕ್ಕೆ. ಕಾಗದದ ವಿದ್ಯೆಯೇ ಸಾಕು ಎಂದು ಆಗ ನನಗೆ ಖಚಿತವಿತ್ತು.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಕಲಬುರ್ಗಿಯ ಸ್ಟೇಶನ್ ಬಜಾರದ ಶಿವಶರಣಪ್ಪ ಸಾಹುಕಾರರು ದವಾಖಾನೆಗೆ ಬಂದರು. ದೊಡ್ಡ ಕಿರಾಣಿ ವ್ಯಾಪಾರಿ. ಪ್ರತಿ ವಾರ ಕಮಲಾಪುರದ ಸಂತೆಗೆ ಮಾಲು ತರುತ್ತಿದ್ದರು. ಅವರ ಹಿಂದೆ ಕೂಲಿಯವನೊಬ್ಬ ಪೆಟ್ಟಿಗೆ ಹೊತ್ತು ತಂದ. ಪೆಟ್ಟಿಗೆ ತೆರೆದರೆ ಹಳದಿ ಬಣ್ಣದ ತಗಡಿನ ಡಬ್ಬಿಗಳು. ಮೇಲೆ ತೊಟ್ಟಿಲಿನ ಚಿತ್ರ, ತೊಟ್ಟಿಲಿನಲ್ಲಿ ಕೆಂಪು ಗಲ್ಲದ ಗುಂಡು ಗುಂಡಾದ ಕೂಸು. ಜೊತೆಗೆ ಅದೇ ಕೂಸಿನ ಒಂದು ಕ್ಯಾಲೆಂಡರ್.

"ಮುಂಬಯಿದಾಗ ಎಲ್ಲಾ ದೊಡ್ಡ ಮನಿತನದವ್ರು ಇದನ್ನ ಕೊಡ್ತಾರ್ರಿ ಬಾಯಾರ. ತಾಯಿ ಹಾಲಿನಷ್ಟ ತಾಕತ್ತು. ನಿಮ್ಮ ದವಾಖಾನಿಗೆ ಆರು ಡಬ್ಬಿ ಧರ್ಮಾರ್ಥ. ಬಡವ್ರ ಕೂಸಿಗೆ ಕೊಡ್ರಿ, ಪುಣ್ಯ ಬರಲಿ" ಎಂದರು ಸಾಹುಕಾರರು.

ಡಬ್ಬಿಗೆ ಅಂಟಿಸಿದ್ದ ಉರ್ದು ಚೀಟಿಯನ್ನು ಓದಿದೆ. 'ತಾಯಿಯ ಹಾಲಿಗೆ ಸಮ. ಬಿಸಿನೀರಿನಲ್ಲಿ ಕಲಸಿ ಕುಡಿಸಿ' ಎಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಿದ್ದವು. ನನಗೆ ಔಷಧದ ಹೆಸರು ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಆದರೆ ಓದುವ ತ್ರಾಸು ತೆಗೆದುಕೊಳ್ಳಲಿಲ್ಲ. ಇಷ್ಟು ಚೆಂದದ ಡಬ್ಬಿ ಸುಳ್ಳು ಹೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಕ್ಯಾಲೆಂಡರನ್ನು ನಾನೇ ಮೊಳೆ ಹೊಡೆದು, ತಾಯಂದಿರು ಕೂಡುವ ಬೆಂಚಿನ ಎದುರಿಗೆ ತೂಗುಹಾಕಿದೆ.

ಹುಸೇನಬಿ ಚಿಟಿಕೆ ಪುಡಿ ನಾಲಗೆಯ ಮೇಲಿಟ್ಟುಕೊಂಡು ಚಪ್ಪರಿಸಿದಳು. "ಸಿಹಿ ಅದ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಭಾಳ ಸಿಹಿ ಅದ" ಎಂದಳು.

ಆರು ಡಬ್ಬಿಗಳಲ್ಲಿ ಒಂದನ್ನು ಡಾಕ್ಟರ್ ಸಾಹೇಬರ ಮೇಜಿನ ಮೇಲಿಟ್ಟು, ಮೂರನ್ನು ರತ್ನವ್ವನಿಗೆ ಕೊಟ್ಟೆ, ಎರಡನ್ನು ಕುಂಬಾರ ಗೌರವ್ವನಿಗೆ. ಯಾಕೆ ಇವರಿಬ್ಬರಿಗೆ ಎಂದು ಇಂದಿಗೂ ಸ್ಪಷ್ಟವಾಗಿ ಹೇಳಬಲ್ಲೆ. ರತ್ನವ್ವ ಊರ ಹೊರಗಿನ ಕೇರಿಯವಳು. ಗಂಡ ಮರೆಪ್ಪನ ಜೊತೆ ಬಾಳೆತೋಟದ ಕೂಲಿಗೆ ಹೋಗುತ್ತಿದ್ದಳು. ಕೂಸನ್ನು ಮುದುಕಿ ಅತ್ತೆಯ ಹತ್ತಿರ ಬಿಟ್ಟು ಹೋದರೆ ಸಂಜೆಯವರೆಗೆ ಅದಕ್ಕೆ ಮೊಲೆಹಾಲಿಲ್ಲ. ಕೂಸಿಗೆ ಆರು ತಿಂಗಳು. ಸಿದ್ದವ್ವ ಎಂದು ಹೆಸರಿಟ್ಟಿದ್ದರು. ಗೌರವ್ವನಿಗೆ ಚೊಚ್ಚಲು ಗಂಡು, ಮೂರು ತಿಂಗಳಿನದು. ಅವಳಿಗೆ ಹಾಲು ಬೇಕಾದಷ್ಟಿತ್ತು. ಆದರೆ ಕ್ಯಾಲೆಂಡರಿನ ಕೂಸನ್ನು ನೋಡಿ, "ನಂದೂ ಹಿಂಗ ಗುಂಡಗ ಆಗ್ತದೇನ್ರಿ ಬಾಯಾರ?" ಎಂದು ಕೇಳಿದಳು. ಆಗುತ್ತದೆ ಎಂದು ಕೊಟ್ಟೆ.

ಮಳೆ ಶುರುವಾಯಿತು. ಕಮಲಾಪುರದ ಕರಿ ಮಣ್ಣು ಕಾಲಿಗೆ ಅಂಟಿದರೆ ಚಪ್ಪಲಿ ಬಿಟ್ಟುಕೊಟ್ಟೇ ಮನೆಗೆ ಬರಬೇಕು. ಬಾವಿಗಳಿಗೆ ರಾಡಿ ನೀರು ಇಳಿಯಿತು. ಆ ವರ್ಷ ವಾಂತಿಭೇದಿ ಬಹಳ. ನಾನು ಬಾವಿಯಿಂದ ಬಾವಿಗೆ ಔಷಧದ ಪುಡಿ ಹಾಕುತ್ತ ಓಡಾಡುತ್ತಿದ್ದೆ. ಶ್ರಾವಣದ ಮೊದಲ ವಾರದಲ್ಲಿ ಗೌರವ್ವನ ಕೂಸಿಗೆ ಭೇದಿ ಹಿಡಿಯಿತು. ಮೂರು ದಿನ ನಾವು ಮೂವರೂ, ಡಾಕ್ಟರ್ ಸಾಹೇಬರು, ಹುಸೇನಬಿ, ನಾನು, ಗೊತ್ತಿದ್ದದ್ದನ್ನೆಲ್ಲ ಮಾಡಿದೆವು. ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಹೋಯಿತು. ರಿಜಿಸ್ಟರಿನಲ್ಲಿ ಭೇದಿ ಎಂದು ಬರೆದೆ. ಆ ಡಬ್ಬಿಯ ಪುಡಿಯನ್ನು ಕಲಸಲು ಗೌರವ್ವ ಯಾವ ನೀರು ಬಳಸುತ್ತಿದ್ದಳು ಎಂದು ನಾನು ಕೇಳಲಿಲ್ಲ. ಬರೀ ಮೊಲೆಹಾಲು ಕುಡಿಯುವ ಕೂಸಿಗೆ ಬಾವಿಯ ನೀರು ಹೋಗುವ ದಾರಿಯೇ ಇರುವುದಿಲ್ಲ. ಆ ದಾರಿಯನ್ನು ಮಾಡಿಕೊಟ್ಟದ್ದು ಯಾರು ಎಂದೂ ಆಗ ಯೋಚಿಸಲಿಲ್ಲ.

ಅದೇ ವಾರ ಮರೆಪ್ಪ ಖುಷಿಯಿಂದ ದವಾಖಾನೆಗೆ ಬಂದ. ಹೆಗಲ ಮೇಲೆ ಸಿದ್ದವ್ವ.

"ನೋಡ್ರಿ ಬಾಯಾರ, ಹ್ಯಾಂಗ ತುಂಬ್ಯಾಳ! ನೀವು ಕೊಟ್ಟದ್ದು ತೀರಿದ ಮ್ಯಾಗ ನಾನ ಬಾಳಿಗೊನಿ ಗಾಡಿ ಹೊಡಕೊಂಡು ಕಲಬುರ್ಗಿಗಿ ಹೋದಾಗೆಲ್ಲ ಸ್ಟೇಶನ್ ಬಜಾರದಾಗ ಡಬ್ಬಿ ತರ್ತೀನಿ. ರತ್ನಿಗಿ ಈಗ ಹಾಲ ಬತ್ತ್ಯಾವ. ಬತ್ತಲಿ ಬಿಡ್ರಿ, ಡಬ್ಬಿ ಅದಲ್ಲ!"

ಕೂಸಿನ ಮುಖ ದುಂಡಗಾಗಿತ್ತು. ಕೈಕಾಲು ತುಂಬಿಕೊಂಡಿದ್ದವು. ನಿಜಕ್ಕೂ ಕ್ಯಾಲೆಂಡರಿನ ಕೂಸಿನ ಹಾಗೆಯೇ ಕಂಡಿತು. ನನಗೆ ಹೆಮ್ಮೆಯಾಯಿತು. ಆದರೆ ಕೂಸು ಅಳಲಿಲ್ಲ, ನಗಲಿಲ್ಲ, ನನ್ನ ಬಳೆಗೆ ಕೈ ಹಾಕಲಿಲ್ಲ. ಕೂದಲು ತೆಳ್ಳಗಾಗಿ ಕಂದು ಬಣ್ಣಕ್ಕೆ ತಿರುಗಿತ್ತು.

ಹುಸೇನಬಿ ಎದ್ದು ಬಂದಳು. ಕೂಸಿನ ಪಾದದ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿ ಹಿಡಿದು, ತೆಗೆದಳು. ಅಲ್ಲಿ ಒಂದು ಕುಳಿ ಬಿತ್ತು. ನಾವು ಮೂವರೂ ನೋಡುತ್ತ ನಿಂತೆವು. ಆ ಕುಳಿ ತುಂಬಲಿಲ್ಲ.

"ಇದು ಮೈ ಅಲ್ಲ ಬೇಟಿ. ನೀರು" ಎಂದಳು. "ಬರಗಾಲದಾಗ ನೋಡೀನಿ ನಾನು. ಬರೇ ಗಂಜಿ ಕುಡಿಸಿದ ಕೂಸು ಹಿಂಗ ಉಬ್ತಾವ. ಇದರ ಹೊಟ್ಟಿಗಿ ಹಾಲು ಹೋಗಿಲ್ಲ."

"ಹಾಲಿನ ಪುಡಿನ ಕೊಡಾಕತ್ತೀವಲ್ಲ?" ಎಂದ ಮರೆಪ್ಪ.

ಹುಸೇನಬಿ ನನ್ನ ಮುಖ ನೋಡಿದಳು. ಮರೆಪ್ಪನಿಗೆ, ನಾಳೆಯಿಂದ ಡಬ್ಬಿ ನಿಲ್ಲಿಸು, ಆಡಿನ ಹಾಲು ಕಾಯಿಸಿ ಕೊಡು, ಮೂರು ದಿನ ಬಿಟ್ಟು ಕರೆದುಕೊಂಡು ಬಾ ಎಂದೆ. ಅವನ ಮುಖ ಸಣ್ಣದಾಯಿತು. ಹೋಗುವಾಗ ಅವನ ಅಂಗಿಯ ಕಿಸೆಯಿಂದ ಖಾಲಿ ಡಬ್ಬಿಯ ಮುಚ್ಚಳ ಹೊರಗೆ ಇಣುಕುತ್ತಿತ್ತು. ಚಿತ್ರ ಚೆಂದ ಇದೆಯೆಂದು ಕೂಸಿಗೆ ಆಡಲು ಇಟ್ಟುಕೊಂಡಿದ್ದನಂತೆ.

ಶುಕ್ರವಾರದ ರಜೆ ಹೋಗಿ ಭಾನುವಾರದ ರಜೆ ಬಂದ ಕಾಲ ಅದು. ಆ ಭಾನುವಾರ ಸಾಹೇಬರ ಮೇಜಿನ ಮೇಲಿದ್ದ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಕಲಬುರ್ಗಿಗೆ ಹೋದೆ. ಅಪ್ಪ ಅಂಗಳದಲ್ಲಿ ಕೂತಿದ್ದರು. ನಾನು ಇಂಗ್ಲಿಷ್ ನಿಘಂಟು ಕೇಳಿದಾಗ ಏನು ಎತ್ತ ಎನ್ನದೆ ತಂದುಕೊಟ್ಟು, ತಾವೂ ಪಕ್ಕದಲ್ಲಿ ಕೂತರು. ಇಬ್ಬರೂ ಆ ಇರುವೆ ಸಾಲನ್ನು ಒಂದೊಂದೇ ಶಬ್ದವಾಗಿ ಬಿಡಿಸಿದೆವು. ಮೊದಲ ಶಬ್ದ ಗೋಧಿ ಹಿಟ್ಟು. ಎರಡನೆಯದು ಸಕ್ಕರೆ. ಮೂರನೆಯದು ಮಾಲ್ಟ್. ಅಪ್ಪ ನಿಘಂಟು ತಿರುವಿ, "ಮೊಳಕಿ ಬರಿಸಿ ಹುರಿದ ಜವೆಗೋಧಿ" ಎಂದರು. ಹಾಲಿನ ಪುಡಿ ಎಲ್ಲಕ್ಕಿಂತ ಕೊನೆಗೆ ಬಂತು.

"ಒಳಗಿನ ಸಾಮಾನಿನ ಪಟ್ಟಿದಾಗ ಯಾವುದು ಹೆಚ್ಚದನೋ ಅದನ್ನ ಮೊದ್ಲ ಬರೀತಾರ" ಎಂದರು ಅಪ್ಪ. "ಇದು ಹಿಟ್ಟು, ತಂಗಿ. ಹಾಲಿನ ಮಾತು ಬರೇ ವಾಸನಿಗಿ."

ಅದರ ಕೆಳಗೆ ಇನ್ನೂ ಒಂದು ಸಾಲು ಇತ್ತು. ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಇದನ್ನು ಹಸುವಿನ ಹಾಲಿನಲ್ಲಿ ಕುದಿಸಿ ಕೊಡಬೇಕು, ವರ್ಷದೊಳಗಿನ ಕೂಸಿಗೆ ಇದೊಂದನ್ನೇ ಆಹಾರವಾಗಿ ಕೊಡಕೂಡದು, ಎಂದು ಅದರ ಅರ್ಥ. ಇಂಗ್ಲಿಷ್ ಬಲ್ಲವರಿಗೆ ನಿಜ ಹೇಳಿ, ಉರ್ದು ಬಲ್ಲವರಿಗೆ ಸುಳ್ಳು ಹೇಳುವ ಡಬ್ಬಿ. ಏನೂ ಓದಲು ಬಾರದವರಿಗೆ ಕೂಸಿನ ಚಿತ್ರ. ಮತ್ತು ಆ ಚಿತ್ರಕ್ಕೆ ಮೊಳೆ ಹೊಡೆದವಳು ನಾನು.

ನಾನು ಅಳಲಿಲ್ಲ. ಅಪ್ಪ ಚಹಾ ಕುಡಿ ಎಂದರೂ ಕೂಡಲಿಲ್ಲ. ನೇರ ಸ್ಟೇಶನ್ ಬಜಾರಕ್ಕೆ ನಡೆದೆ. ಶಿವಶರಣಪ್ಪ ಸಾಹುಕಾರರ ಅಂಗಡಿಯಲ್ಲಿ ರೈಲಿನಿಂದ ಇಳಿದ ಮೂಟೆಗಳನ್ನು ಹಮಾಲರು ಒಳಗೆ ಹಾಕುತ್ತಿದ್ದರು. ಉರ್ದು ಚೀಟಿ ಬರೆಸಿದವರು ಯಾರು ಎಂದು ಕೇಳಿದೆ.

"ನಾನ ಬರೆಸೀನ್ರಿ. ಯಾಕ?" ಎಂದರು ಅವರು. ಮುಚ್ಚಿಡಲಿಲ್ಲ.

ನಾನು ಇಂಗ್ಲಿಷ್ ಸಾಲಿನ ಅರ್ಥ ಹೇಳಿದೆ. ಸಿದ್ದವ್ವನ ಪಾದದ ಕುಳಿಯ ಬಗ್ಗೆ ಹೇಳಿದೆ. ಅವರು ಗಾದಿಯ ಮೇಲಿಂದ ಏಳದೆ ಪೂರ್ತಿ ಕೇಳಿಕೊಂಡರು.

"ಬಾಯಾರ, ಹಾಲು ಇದ್ದವ್ರು ಡಬ್ಬಿ ಯಾಕ ತಗೋತಾರ? ಹಾಲಿನಾಗ ಕುದಿಸ್ರಿ ಅಂತ ಬರೆದ್ರ ಯಾರ ತಗೋತಾರ? ನಾ ವಿಷ ಮಾರಾಕತ್ತಿಲ್ಲ. ಗೋಧಿ, ಸಕ್ರಿ, ಇವು ತಿನ್ನೋ ಪದಾರ್ಥ ಹೌದೋ ಅಲ್ಲೋ? ನಿಮ್ಮ ದವಾಖಾನಿ ಗ್ವಾಡಿ ಮ್ಯಾಗ ನನ್ನ ಕ್ಯಾಲೆಂಡರ್ ಹಾಕಿದವ್ರು ಯಾರು, ನಾನೋ ನೀವೋ?"

ಚೀಟಿ ಬದಲಿಸಿ ಎಂದಷ್ಟೇ ಹೇಳಿದೆ. ಬದಲಿಸುವುದಿಲ್ಲ ಎಂದರು.

ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಕ್ಯಾಲೆಂಡರನ್ನು ಕಿತ್ತು ಒಲೆಗೆ ಹಾಕಿದೆ. ನಂತರ ಡಾಕ್ಟರ್ ಸಾಹೇಬರ ಮುಂದೆ ಎಲ್ಲ ಹೇಳಿದೆ. ಅವರು ಡಬ್ಬಿಯನ್ನು ಕೈಯಲ್ಲಿ ಹಿಡಿದು ಇಂಗ್ಲಿಷ್ ಸಾಲನ್ನು ಎರಡು ಸಲ ಓದಿದರು. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅದೇ ಡಬ್ಬಿ ಎರಡು ತಿಂಗಳಿಂದ ಅವರ ಮೇಜಿನ ಮೇಲೇ ಕೂತಿತ್ತು.

"ಸಾಹುಕಾರ ದೊಡ್ಡವರ ಹತ್ತಿರ ಕೂಡಾಂವ" ಎಂದರು ಸಣ್ಣ ದನಿಯಲ್ಲಿ. "ನನ್ನ ಹೆಸರಿನ ಫೈಲು ಇನ್ನಾ ಹೈದರಾಬಾದಿನಾಗ ಬಿದ್ದದ. ನಾ ಏನ ಮಾಡಲಿ, ಹೇಳು."

"ನೀವೇನೂ ಮಾಡಬ್ಯಾಡ್ರಿ ಸಾಹೇಬ್ರ. ನನಗೊಂದು ಬಾಟ್ಲಿ ಟಿಂಚರ್ ಅಯೋಡಿನ್ ಕೊಡ್ರಿ."

ಗಾಯಕ್ಕೆ ಹಚ್ಚುವ ಆ ಕಂದು ಔಷಧವನ್ನು ಹಿಟ್ಟಿನ ಮೇಲೆ ಒಂದು ಹನಿ ಹಾಕಿದರೆ ಹಿಟ್ಟು ಕಡುನೀಲಿಯಾಗುತ್ತದೆ, ಹಾಲಿಗೆ ಹಾಕಿದರೆ ಆಗುವುದಿಲ್ಲ. ಹೈದರಾಬಾದಿನ ತರಬೇತಿಯಲ್ಲಿ ಕಲಬೆರಕೆ ಹಾಲನ್ನು ಹಿಡಿಯಲು ನಮಗೆ ಇದನ್ನು ತೋರಿಸಿದ್ದರು. ಡಾಕ್ಟರ್ ಸಾಹೇಬರು ಕಪಾಟಿನ ಬೀಗ ತೆಗೆದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಅವರ ಸ್ಥಿತಿಯಲ್ಲಿ ಅಷ್ಟು ಕೊಟ್ಟದ್ದೇ ದೊಡ್ಡದು.

ಸಂತೆಯ ದಿನ ಮಳೆ ಬಿಟ್ಟಿತ್ತು. ಬಾಳೆಹಣ್ಣಿನ ಗೊನೆಗಳು ಸಾಲಾಗಿ ಬಿದ್ದಿದ್ದವು, ಕೆಂಪು ಬಾಳೆಯ ವಾಸನೆ ಹಸಿ ಗಾಳಿಯಲ್ಲಿ ದಟ್ಟವಾಗಿತ್ತು. ಶಿವಶರಣಪ್ಪ ಸಾಹುಕಾರರು ಯಾವಾಗಿನಂತೆ ಬೇವಿನ ಮರದ ಕೆಳಗೆ ಮಾಲು ಹರವಿ ಕೂತಿದ್ದರು. ಹಳದಿ ಡಬ್ಬಿಗಳನ್ನು ಗೋಪುರದ ಹಾಗೆ ಒಂದರ ಮೇಲೊಂದು ಪೇರಿಸಿದ್ದರು. ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಹುಸೇನಬಿ ಮತ್ತು ನಾನು ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಎರಡು ಬಿಳಿ ಪಿಂಗಾಣಿ ಬಟ್ಟಲು ಇಟ್ಟೆವು. ಒಂದರಲ್ಲಿ ಆಕಳ ಹಾಲು. ಇನ್ನೊಂದರಲ್ಲಿ ಡಬ್ಬಿಯ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದ್ದು. ನೋಡಲು ಎರಡೂ ಒಂದೇ.

ಹುಸೇನಬಿಯ ಗಂಟಲು ಆ ವಯಸ್ಸಿನಲ್ಲೂ ಗಟ್ಟಿ. "ಬರ್ರೆವ್ವಾ ಬರ್ರಿ! ಕೂಸು ಇದ್ದವ್ರೆಲ್ಲ ಬರ್ರಿ! ನನ್ನ ಕೈಯಾಗ ಹುಟ್ಟಿದವ್ರೆಲ್ಲ ಬರ್ರಿ!" ಎಂದು ಕೂಗಿದಳು. ಅವಳನ್ನು ಕರೆಯುವುದನ್ನು ಬಿಟ್ಟ ಮನೆಗಳ ಹೆಂಗಸರೂ ಬಂದು ನಿಂತರು. ಆ ಕೂಗನ್ನು ಮೀರಿ ಹೋಗುವುದು ಅವರಿಂದ ಆಗಲಿಲ್ಲ.

ನಾನು ಹಾಲಿನ ಬಟ್ಟಲಿಗೆ ಒಂದು ಹನಿ ಬಿಟ್ಟೆ. ತಿಳಿ ಹಳದಿಯ ಕಲೆ ತೇಲಿತು, ಅಷ್ಟೆ. ಇನ್ನೊಂದಕ್ಕೆ ಬಿಟ್ಟೆ. ಹನಿ ಬಿದ್ದ ಜಾಗದಿಂದ ನೀಲಿ ಹರಡಿತು, ಕಪ್ಪಾಯಿತು, ಬಟ್ಟಲು ತುಂಬ ಮಸಿಯಂತಾಯಿತು. ಹೆಂಗಸರು ಹಿಂದೆ ಸರಿದರು. ಯಾರೋ "ವಿಷ!" ಎಂದರು.

"ವಿಷ ಅಲ್ಲ" ಎಂದೆ. "ಹಿಟ್ಟು."

ಸಾಹುಕಾರರು ಎದ್ದು ಬಂದರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ಬುದ್ಧಿ ಕೆಟ್ಟಿರಲಿಲ್ಲ. ಜೋಳದ ಅಂಬಲಿ ಮಾರುತ್ತ ಕೂತಿದ್ದ ಮುದುಕಿಯ ಗಡಿಗೆಯಿಂದ ಒಂದು ಬಟ್ಟಲು ಅಂಬಲಿ ಎತ್ತಿ ತಂದು ನನ್ನ ಮುಂದೆ ಇಟ್ಟರು.

"ಇದಕ್ಕೂ ಹಾಕ್ರಿ ನಿಮ್ಮ ದವಾ."

ಹಾಕಿದೆ. ಅಂಬಲಿಯೂ ಕಪ್ಪಾಯಿತು.

"ನೋಡ್ರೆಪ್ಪಾ!" ಎಂದು ಸಾಹುಕಾರರು ಜನರ ಕಡೆ ತಿರುಗಿದರು. "ನಮ್ಮ ಅಪ್ಪ ಅಜ್ಜ ಕುಡದು ಬೆಳದದ್ದು ಅಂಬ್ಲಿ. ಅದೂ ಕರ್ರಗ ಆಯ್ತು. ಹಂಗಾದ್ರ ಅಂಬ್ಲೀನೂ ಕೆಟ್ಟದ್ದ? ಬಾಯಾರು ಗಾರುಡಿ ಆಟ ತೋರ್ಸಾಕತ್ತಾರ!"

ಜನ ನಕ್ಕರು. ಇದನ್ನು ನಾನು ಎಣಿಸಿರಲಿಲ್ಲ. ಆದರೆ ಬಾಯಿಗೆ ಮಾತು ತಾನಾಗಿ ಬಂತು.

"ಹೌದ್ರಿ ಸಾಹುಕಾರ್ರ. ಅಂಬ್ಲಿ ಹಿಟ್ಟ. ಆ ಮುದುಕಿ ಅದನ್ನ ಅಂಬ್ಲಿ ಅಂತನ ಮಾರ್ತಾಳ. ಹಾಲು ಅಂತ ಹೇಳಿ ಮಾರಂಗಿಲ್ಲ. ನೀವೂ ಹಿಟ್ಟಿಗಿ ಹಿಟ್ಟು ಅಂತ ಹೇಳ್ರಿ, ನಾ ಈಗ ನನ್ನ ಬಟ್ಲು ಎತ್ತಿಕೊಂಡು ಹೋಗ್ತೀನಿ. ಬರೇ ಅಂಬ್ಲಿ ಕುಡಿಸಿ ಎಳೀ ಕೂಸು ಬೆಳಸ್ತೀನಿ ಅನ್ನೋ ತಾಯಿ ಈ ಊರಾಗ ಯಾರರೇ ಅದಾರೇನು, ಕೇಳ್ರಿ."

ನಗು ನಿಂತಿತು. ಅಂಬಲಿಯ ಮುದುಕಿ "ಖರೇ ಹೇಳ್ತಾಳ" ಎಂದಳು.

ಆಗ ಹಿಂದಿನಿಂದ ಗೌರವ್ವನ ದನಿ ಬಂತು. ಗಡಿಗೆಗಳ ನಡುವೆ ಕೂತಿದ್ದವಳು ಎದ್ದು ಬಂದಿದ್ದಳು. ಕೂಸು ಹೋಗಿ ಹನ್ನೆರಡು ದಿನವಾಗಿತ್ತು.

"ಹಂಗಾದ್ರ ನನ್ನ ಕೂಸು, ಬಾಯಾರ? ಅದು ಈ ಡಬ್ಬಿಲಿಂದ ಹೋಯ್ತೇನು?"

ಜನರೆಲ್ಲ ನನ್ನನ್ನು ನೋಡಿದರು. ಸಾಹುಕಾರರೂ ನೋಡಿದರು. ಭೇದಿ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೆ. ಅಷ್ಟು ಹೇಳಿದ್ದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಆದರೆ ಡಬ್ಬಿಯ ಸುಳ್ಳು ಚೀಟಿಯ ಬಗ್ಗೆ ಮಾತಾಡಲು ಬಂದವಳು ನಾನು.

"ಪೂರಾ ಗೊತ್ತಿಲ್ಲ ಗೌರವ್ವ. ಊರಾಗ ಭೇದಿ ಇತ್ತು. ಆದ್ರ ಬರೇ ನಿನ್ನ ಹಾಲು ಕುಡದಿದ್ರ ಬಾವಿ ನೀರು ಅದರ ಹೊಟ್ಟಿಗಿ ಹೋಗ್ತಿರಲಿಲ್ಲ. ಡಬ್ಬಿ ಕೊಟ್ಟಾಕಿ ನಾನು. ಗುಂಡಗ ಆಗ್ತದ ಅಂತ ಹೇಳಿದಾಕೀನೂ ನಾನ. ಓದದ ಕೊಟ್ಟೆ. ತಪ್ಪು ನಂದು."

ಗೌರವ್ವ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹತ್ತಿರ ಹೋಗಲು ಧೈರ್ಯ ಮಾಡಲಿಲ್ಲ, ಹುಸೇನಬಿ ಹೋದಳು. ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ತಾನೂ ಮಗನನ್ನು ಕಳೆದುಕೊಂಡವಳು. ಇಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಗೌರವ್ವನ ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದು ನನಗೆ ಕಂಡಿತು. ಕುಡಿಯುವ ಕೂಸಿಲ್ಲದೆ ಹಾಲು ಕಟ್ಟಿಕೊಂಡು ನೋಯುತ್ತಿದ್ದ ಎದೆ.

ಆಡಿನ ಹಾಲೂ ಒಗ್ಗದೆ ಸಿದ್ದವ್ವ ಇನ್ನೂ ಊದಿಕೊಂಡೇ ಮಲಗಿರುವ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ಗೌರವ್ವ ಎದ್ದು ಕಣ್ಣು ಒರೆಸಿಕೊಂಡು ಕೇಳಿದಳು.

"ಆ ಮರೆಪ್ಪನ ಕೂಸು ಎಲ್ಲದ?"

ಕುಂಬಾರರ ಹೆಂಗಸು ಊರ ಹೊರಗಿನ ಕೇರಿಗೆ ಹೋಗಿ ಅಲ್ಲಿನ ಕೂಸಿಗೆ ಮೊಲೆ ಕೊಡುವುದು ಆ ಕಾಲದ ಕಮಲಾಪುರದಲ್ಲಿ ಏನು ಮಾತು ಎಂದು ಈಗಿನವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ಅವಳ ಅತ್ತೆ ಸಂತೆಯಲ್ಲೇ ಒದರಾಡಿದಳು. ಗೌರವ್ವ ತಿರುಗಿ ನೋಡಲಿಲ್ಲ. ಹುಸೇನಬಿ ಮುಂದೆ, ಗೌರವ್ವ ನಡುವೆ, ನಾನು ಹಿಂದೆ. ರತ್ನವ್ವ ಬಾಗಿಲಲ್ಲಿ ನಮ್ಮನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು. "ಯವ್ವಾ, ನೀವು ಒಳಗ…" ಎನ್ನುವಷ್ಟರಲ್ಲಿ ಗೌರವ್ವ ಒಳಗೆ ಹೋಗಿ ಕೂತು, "ಕೂಸು ಕೊಡು" ಎಂದಳು.

ಸಿದ್ದವ್ವನಿಗೆ ಮೊದಲು ಚೀಪುವ ಶಕ್ತಿಯೂ ಇರಲಿಲ್ಲ. ಹುಸೇನಬಿ ಹಾಲನ್ನು ಬಟ್ಟಲಿಗೆ ಹಿಂಡಿಸಿ ಹತ್ತಿಯಲ್ಲಿ ಅದ್ದಿ ಬಾಯಿಗೆ ಬಿಟ್ಟಳು. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಕೂಸು ಮೊಲೆ ಹಿಡಿಯಿತು. ಅಂದು ರತ್ನವ್ವ ಮತ್ತು ಗೌರವ್ವ ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ನೋಡದೆ, ಬೇರೆ ಬೇರೆ ಕಾರಣಕ್ಕೆ.

ಮುಂದಿನ ಮೂರು ತಿಂಗಳು ದಿನಕ್ಕೆ ಮೂರು ಸಲ ಗೌರವ್ವ ಆ ಕೇರಿಗೆ ಹೋದಳು. ಮೊದಲ ವಾರ ಜನ ಅವಳ ಗಡಿಗೆ ಕೊಳ್ಳಲಿಲ್ಲ. ಆಮೇಲೆ ಕೊಂಡರು. ಅಡುಗೆಗೆ ಗಡಿಗೆ ಬೇಕಲ್ಲ. ಹುಸೇನಬಿ ರತ್ನವ್ವನಿಗೂ ಬಾಣಂತಿಯರಿಗೆ ಕೊಡುವ ಸಬ್ಬಸಿಗೆ, ಕೊಬ್ಬರಿ, ಅಳವಿ ಬೀಜ ತಿನ್ನಿಸಿ, ಕೂಸನ್ನು ಅವಳ ಎದೆಗೂ ಹಚ್ಚಿಸಿ, ಬತ್ತಿದ ಹಾಲನ್ನು ಅಷ್ಟಿಷ್ಟು ತಿರುಗಿ ತರಿಸಿದಳು. ಇದು ಆಗುತ್ತದೆ ಎಂದು ನನ್ನ ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ. ನಾನು ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಸೋಸುವುದನ್ನು, ಮಾಗಿದ ಕೆಂಪು ಬಾಳೆಯನ್ನು ಕಿವುಚಿ ಬೆರಳ ತುದಿಯಲ್ಲಿ ತಿನ್ನಿಸುವುದನ್ನು ಮರೆಪ್ಪನ ಮುದುಕಿ ತಾಯಿಗೆ ತೋರಿಸಿದೆ. ಊರಿಗೆ ಹೆಸರು ತಂದ ಆ ಹಣ್ಣನ್ನು ಹೊತ್ತು ಮಾರಿ, ಅದರ ಕೂಲಿಯಿಂದ ಹಿಟ್ಟಿನ ಡಬ್ಬಿ ತರುತ್ತಿದ್ದ ಮರೆಪ್ಪ, "ನನ್ನ ಹೆಗಲ ಮ್ಯಾಗ ಇದ್ದದ್ದು ನನಗ ಕಾಣ್ಲಿಲ್ಲಲ್ರಿ ಬಾಯಾರ" ಎಂದ.

ಊತ ಇಳಿದಾಗ ಕೂಸು ಎಲುಬಿನ ಗೂಡಾಗಿ ಕಂಡಿತು. ರತ್ನವ್ವ ಹೆದರಿದಳು. "ಹೆದರಬ್ಯಾಡ, ಈಗ ಖರೇ ಕೂಸು ಕಾಣಾಕತ್ತದ" ಎಂದಳು ಹುಸೇನಬಿ. ಚಳಿಗಾಲ ಬರುವ ಹೊತ್ತಿಗೆ ಸಿದ್ದವ್ವ ನನ್ನ ಬಳೆ ಎಳೆದಳು. ಜೋಳ ತೆನೆ ಹಿಡಿಯುವ ಹೊತ್ತಿಗೆ ಗೋಡೆ ಹಿಡಿದು ನಿಂತಳು.

ಶಿವಶರಣಪ್ಪ ಸಾಹುಕಾರರು ಎರಡು ಸಂತೆಗಳಿಗೆ ಡಬ್ಬಿ ತರಲಿಲ್ಲ. ಮೂರನೆಯ ಸಂತೆಗೆ ತಂದರು. ಕೈಗೆತ್ತಿ ನೋಡಿದೆ. ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದ್ದರು, ಕನ್ನಡದಲ್ಲೊಂದು, ಉರ್ದುವಿನಲ್ಲೊಂದು. 'ಗೋಧಿ ಹಿಟ್ಟು ಮತ್ತು ಸಕ್ಕರೆಯ ಪುಡಿ. ಹಾಲಿನಲ್ಲಿ ಕುದಿಸಿ ಕೊಡಿರಿ. ಎಳೆ ಕೂಸಿಗಲ್ಲ.' ನನ್ನ ಮೇಲೆ ಅವರು ಮೇಲಿನವರಿಗೆ ಒಂದು ಅರ್ಜಿಯನ್ನೂ ಹಾಕಿದ್ದರು. ಅದಕ್ಕೆ ಉತ್ತರ ಬರೆದವರು ಡಾಕ್ಟರ್ ಸಾಹೇಬರು. ನರ್ಸ್ ಸುಭದ್ರಾ ತಮ್ಮ ಅಪ್ಪಣೆಯಿಂದಲೇ ಹಾಲಿನ ಪರೀಕ್ಷೆ ಮಾಡಿದ್ದಾಳೆಂದು ಬರೆದು, ದೊಡ್ಡದಾಗಿ ಸಹಿ ಹಾಕಿ, ನನಗೂ ತೋರಿಸಿದರು. ಆ ಹೊತ್ತಿಗೆ ಅವರ ಫೈಲು ಇನ್ನೂ ಬಂದಿರಲಿಲ್ಲ.

ಇಷ್ಟೆಲ್ಲ ಆದರೂ ಗೌರವ್ವನ ಮನೆಯ ಮುಂದೆ ಹೋಗಲು ನನಗೆ ಆಗುತ್ತಿರಲಿಲ್ಲ. ಸಿದ್ದವ್ವನ ಮನೆಯಲ್ಲಿ ದಿನಾ ಸಿಗುತ್ತಿದ್ದಳು, ಕೆಲಸದ ಮಾತು ಆಡುತ್ತಿದ್ದಳು. ನಾನು ತಪ್ಪು ಒಪ್ಪಿಕೊಂಡಿದ್ದೆ, ಅವಳು ಕ್ಷಮಿಸಿದೆ ಎಂದು ಯಾವತ್ತೂ ಹೇಳಿರಲಿಲ್ಲ. ಹೇಳಬೇಕೆಂದು ಕೇಳುವ ಹಕ್ಕು ನನಗಿಲ್ಲ ಎಂಬುದು ಗೊತ್ತಿತ್ತು.

ಮರುವರ್ಷದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳ ಅತ್ತೆ, ಸಂತೆಯಲ್ಲಿ ಒದರಾಡಿದ ಅದೇ ಅತ್ತೆ, ದವಾಖಾನೆಯ ಬಾಗಿಲಿಗೆ ಬಂದು ನಿಂತಳು. ಗೌರವ್ವನಿಗೆ ನೋವು ಶುರುವಾಗಿತ್ತು.

"ಹುಸೇನಬೀನ ಕರಕೊಂಡು ಹೋಗ್ರಿ, ನನಗಿಂತ ಆಕಿಗಿ ಛಲೋ ಗೊತ್ತದ" ಎಂದೆ.

"ಆಕಿ ಆಗಳೇ ಬಂದಾಳ. ನೀವ ಬೇಕಂತ ಹಟ ಹಿಡದಾಳ ನಮ್ಮ ಸೊಸಿ. ಜಲ್ದಿ ನಡೀರಿ."

ಹೋದೆ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು, ಗಟ್ಟಿ ಗಂಟಲಿನದು. ಹೊಕ್ಕುಳ ಕತ್ತರಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕದಲ್ಲಿ ಮಲಗಿಸಿದೆ. ಗೌರವ್ವ ಕೂಸನ್ನು ಎದೆಗೆ ಎಳೆದುಕೊಳ್ಳದೆ ನನ್ನ ಮುಖವನ್ನೇ ನೋಡಿದಳು.

"ಈಗ ಹೇಳ್ರಿ ಬಾಯಾರ. ಇದಕ್ಕ ಏನ ಕೊಡಲಿ?"

"ನಿನ್ನ ಹಾಲು ಗೌರವ್ವ. ಬ್ಯಾರೆ ಏನೂ ಬ್ಯಾಡ."

"ಇದು ಓದಿ ಹೇಳಾಕತ್ತೀರೋ?"

"ಅಲ್ಲವ್ವ. ನೋಡಿ ಹೇಳಾಕತ್ತೀನಿ."

ಅವಳು ತಲೆಯಾಡಿಸಿದಳು. ಕೂಸನ್ನು ಎದೆಗೆ ಹಚ್ಚಿಕೊಂಡು, ಇನ್ನೊಂದು ಕೈಯಿಂದ ನನ್ನ ಸೀರೆಯ ಸೆರಗನ್ನು ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ಕೂಸು ಕುಡಿದು ಮುಗಿಸುವವರೆಗೂ ಸೆರಗು ಬಿಡಲಿಲ್ಲ.